ಹಾಸಿಗೆ ಇದ್ದಷ್ಟು ಕಾಲು ಚಾಚುವ ಟ್ರಾಫಿಕ್

ಇವತ್ತು ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಕಳೆದ ಇಪ್ಪತ್ತೈದು ವರ್ಷದಲ್ಲಿ ಬೆಂಗಳೂರಿನಲ್ಲಿ ಎಷ್ಟು ಫ್ಲೈಓವರ್ ಕಟ್ಟಿದ್ದೀವಿ? ಎಷ್ಟು ಅಂಡರ್‌ಪಾಸ್ ತೋಡಿದ್ದೀವಿ? ಎಷ್ಟು ರಸ್ತೆ ಅಗಲ ಮಾಡಿದ್ದೀವಿ? ಲೆಕ್ಕ ಹಾಕೋಕೆ ಹೋದ್ರೆ ನಮ್ಮ ಅರ್ಧ ಗಂಟೆ ಕಾರ್ಯಕ್ರಮ ಸಾಲಲ್ಲ. ಸರಿ, ಈಗ ಎರಡನೇ ಪ್ರಶ್ನೆ. ಇಷ್ಟೆಲ್ಲ ಕಟ್ಟಿದ ಮೇಲೆ, "ಇಲ್ಲಿ ಟ್ರಾಫಿಕ್ ಸಮಸ್ಯೆ ಮುಗೀತು" ಅಂತ ಬೆರಳು ಮಾಡಿ ತೋರಿಸೋಕೆ ಒಂದೇ ಒಂದು ಜಾಗ ಇದೆಯಾ?

ಇಲ್ಲ. ಯಾಕಿಲ್ಲ?

ಎಲ್ಲರ ಬಾಯಲ್ಲೂ ಸಿದ್ಧವಾಗಿರೋ ಉತ್ತರ ಒಂದಿದೆ. ಜನ ಜಾಸ್ತಿ ಆದ್ರು, ಗಾಡಿ ಜಾಸ್ತಿ ಆಯ್ತು, ರಸ್ತೆ ಸಾಲಲಿಲ್ಲ. ಸುಳ್ಳಲ್ಲ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿ ಮುಂದೆ ಹೋಗಿದೆ. ಆದರೆ ಇದು ಅರ್ಧ ಸತ್ಯ. ಉಳಿದರ್ಧ ಸತ್ಯವನ್ನು ಯಾವ ಮಂತ್ರಿಯೂ ಗುದ್ದಲಿ ಪೂಜೆಯ ದಿನ ಹೇಳಲ್ಲ. ಅದೇನಂದ್ರೆ, ಗಾಡಿ ಜಾಸ್ತಿ ಆಗಿದ್ದಕ್ಕೆ ರಸ್ತೆ ಅಗಲ ಮಾಡಿದ್ವಿ, ನಿಜ. ಆದರೆ ರಸ್ತೆ ಅಗಲ ಮಾಡಿದ್ದಕ್ಕೇ ಗಾಡಿ ಇನ್ನೂ ಜಾಸ್ತಿ ಆಯ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳಿದ್ರು. ಮನುಷ್ಯರು ಈ ಗಾದೆಯನ್ನ ಮರೆತಿರಬಹುದು, ಟ್ರಾಫಿಕ್ ಮಾತ್ರ ಚಾಚೂ ತಪ್ಪದೆ ಪಾಲಿಸುತ್ತೆ. ಹಾಸಿಗೆ ದೊಡ್ಡದು ಮಾಡಿ, ಕಾಲು ಇನ್ನಷ್ಟು ಉದ್ದಕ್ಕೆ ಬರುತ್ತೆ.

ಹೆಬ್ಬಾಳವನ್ನೇ ತಗೊಳ್ಳಿ. 2003ರಲ್ಲಿ ಅಲ್ಲಿ ಫ್ಲೈಓವರ್ ಬಂತು. ಆಗ ಅದು ಊರಿನ ಹೆಮ್ಮೆ. ಇನ್ನು ಈ ಕಡೆ ತಲೆನೋವಿಲ್ಲ ಅಂದುಕೊಂಡ್ವಿ. 2008ರಲ್ಲಿ ದೇವನಹಳ್ಳಿ ಹತ್ರ ವಿಮಾನ ನಿಲ್ದಾಣ ಶುರುವಾಯ್ತು. ಬಳ್ಳಾರಿ ರಸ್ತೆ ಅಗಲ ಆಯ್ತು. ಅದೂ ಸಾಲದೆ 2014ರ ಹೊತ್ತಿಗೆ ಎಲಿವೇಟೆಡ್ ರಸ್ತೆ ಬಂತು. ಎಲಿವೇಟೆಡ್ ರಸ್ತೆಯಲ್ಲಿ ಜುಮ್ಮನೆ ಹಾರಿ ಬಂದ ಗಾಡಿಗಳೆಲ್ಲ ಹೆಬ್ಬಾಳದಲ್ಲಿ ಬಂದು ನಿಂತವು. 2016ರಲ್ಲಿ ಅದಕ್ಕೆ ಪರಿಹಾರ ಅಂತ ಸ್ಟೀಲ್ ಫ್ಲೈಓವರ್ ಯೋಜನೆ ತಂದ್ರು. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ ಬಲಿ. ಅದೇ ವರ್ಷ ಅಕ್ಟೋಬರ್ 16ರಂದು ಸಾವಿರಾರು ಜನ ಬೀದಿಗೆ ಬಂದು ಮಾನವ ಸರಪಳಿ ಕಟ್ಟಿದ್ರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಡ್ತು. ಮುಗೀತಾ? ಇಲ್ಲ. 2025ರ ಆಗಸ್ಟ್‌ನಲ್ಲಿ ಅದೇ ಹೆಬ್ಬಾಳಕ್ಕೆ ಹೊಸ ಲೂಪ್ ಸೇರಿತು. ಈಗ ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ನೆಲದೊಳಗೆ ಸುರಂಗ ರಸ್ತೆ ಕೊರೀತೀವಿ ಅಂತಿದ್ದಾರೆ. ಹದಿನಾರೂವರೆ ಕಿಲೋಮೀಟರ್‌ಗೂ ಹೆಚ್ಚು ಉದ್ದ. ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಮೇಲೆ.

ಒಂದೇ ಜಾಗ. ಮೊದಲು ಮೇಲೆ ಕಟ್ಟಿದ್ವಿ, ಆಮೇಲೆ ಅದರ ಮೇಲೆ ಕಟ್ಟಿದ್ವಿ, ಪಕ್ಕಕ್ಕೆ ಕಟ್ಟಿದ್ವಿ, ಈಗ ಕೆಳಗೆ ಇಳೀತಿದ್ದೀವಿ. ಔಷಧಿ ಕೊಟ್ಟಷ್ಟೂ ಕಾಯಿಲೆ ಏರ್ತಾ ಇದ್ರೆ ಡೋಸ್ ಹೆಚ್ಚು ಮಾಡೋದಾ, ಔಷಧಿ ಸರಿ ಇದೆಯಾ ಅಂತ ಕೇಳೋದಾ?

ಇದರ ಹಿಂದಿನ ಲೆಕ್ಕ ಬಿಡಿಸಿ ಹೇಳ್ತೀನಿ. ಎಂಜಿನಿಯರಿಂಗ್ ಓದುವಾಗ ನಮಗೆ ಪೈಪ್‌ನಲ್ಲಿ ನೀರು ಹರಿಯೋ ಲೆಕ್ಕ ಕಲಿಸ್ತಾರೆ. ಇಷ್ಟು ನೀರು ಬರ್ತಿದೆ, ಪೈಪ್ ಸಣ್ಣದು, ದೊಡ್ಡ ಪೈಪ್ ಹಾಕಿ, ನೀರು ಸಲೀಸಾಗಿ ಹೋಗುತ್ತೆ. ನಮ್ಮ ರಸ್ತೆ ಯೋಜನೆಗಳೆಲ್ಲ ಈ ಪೈಪ್ ಲೆಕ್ಕದ ಮೇಲೇ ನಿಂತಿವೆ. ಆದರೆ ನೀರಿಗೆ ಬುದ್ಧಿ ಇಲ್ಲ. ಪೈಪ್ ದೊಡ್ಡದಾಗಿದೆ, ಇವತ್ತು ನಾನೂ ಒಂದು ಸುತ್ತು ಹೋಗಿ ಬರೋಣ ಅಂತ ನೀರು ಯೋಚನೆ ಮಾಡಲ್ಲ. ಮನುಷ್ಯ ಮಾಡ್ತಾನೆ.

ರಸ್ತೆ ಅಗಲ ಆಯ್ತು, ಮೊದಲ ತಿಂಗಳು ಖಾಲಿ ಖಾಲಿ. ಸುದ್ದಿ ಹರಡುತ್ತೆ. ಆಗ ಏನಾಗುತ್ತೆ ನೋಡಿ. ಟ್ರಾಫಿಕ್‌ಗೆ ಹೆದರಿ ಬೆಳಗ್ಗೆ ಏಳು ಗಂಟೆಗೇ ಮನೆ ಬಿಡ್ತಿದ್ದವರು, ಈಗ ಆರಾಮಾಗಿ ತಿಂಡಿ ತಿಂದು ಒಂಬತ್ತಕ್ಕೆ ಹೊರಡ್ತಾರೆ. ಒಳದಾರಿ, ಅಡ್ಡದಾರಿ ಹಿಡೀತಿದ್ದವರು ಮುಖ್ಯರಸ್ತೆಗೆ ವಾಪಸ್ ಬರ್ತಾರೆ. ಬಸ್ಸಲ್ಲಿ ಹೋಗ್ತಿದ್ದವರು, "ರಸ್ತೆ ಚೆನ್ನಾಗಿದೆಯಲ್ಲ" ಅಂತ ಕಾರು ತೆಗೀತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಇದನ್ನ ಬರೆದಿಟ್ಟರು. ಜನದಟ್ಟಣೆ ಹೊತ್ತಿನಲ್ಲಿ ಹೆದ್ದಾರಿಯ ಟ್ರಾಫಿಕ್ ಆ ಹೆದ್ದಾರಿ ತುಂಬೋವರೆಗೂ ಏರುತ್ತೆ ಅನ್ನೋದು ಅವರ ಮಾತಿನ ಸಾರ. 1962! ನಮ್ಮಲ್ಲಿ ಆಗ ರಸ್ತೆ ಮೇಲೆ ಕಾರು ಕಂಡರೆ ಮಕ್ಕಳು ಹಿಂದೆ ಓಡ್ತಿದ್ದ ಕಾಲ.

ಇದು ಮೊದಲ ವರ್ಷದ ಕಥೆ. ಐದು ವರ್ಷದ ಕಥೆ ಇನ್ನೂ ದೊಡ್ಡದು. ರಸ್ತೆ ಬಂತು ಅಂದ್ರೆ ಅದರ ಹಿಂದೆನೇ ಲೇಔಟ್ ಬರುತ್ತೆ. "ಏರ್‌ಪೋರ್ಟ್‌ಗೆ ಬರೀ ಇಪ್ಪತ್ತು ನಿಮಿಷ" ಅಂತ ದೊಡ್ಡ ಹೋರ್ಡಿಂಗ್ ಏಳುತ್ತೆ. ನಂಬಿ ಸೈಟ್ ತಗೋತೀವಿ, ಫ್ಲಾಟ್ ತಗೋತೀವಿ, ಸಾಲ ಮಾಡ್ತೀವಿ. ಕೆಲಸ ಒಂದು ಮೂಲೆಯಲ್ಲಿ, ಮನೆ ಇನ್ನೊಂದು ಮೂಲೆಯಲ್ಲಿ. ಈಗ ಆ ರಸ್ತೆ ಬಿಟ್ಟು ನಮಗೆ ಗತಿ ಇಲ್ಲ. ಆ ಇಪ್ಪತ್ತು ನಿಮಿಷ ಎಲ್ಲರಿಗೂ ಮಾರಾಟ ಆದ ದಿನವೇ ಅದು ಒಂದು ಗಂಟೆ ಆಗಿರುತ್ತೆ. ಕೊಂಡವರು ದಡ್ಡರಲ್ಲ ವೀಕ್ಷಕರೇ. ಪ್ರತಿಯೊಬ್ಬರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗೇ ಇರುತ್ತೆ. ಎಲ್ಲರ ಲೆಕ್ಕವನ್ನೂ ಒಟ್ಟು ಕೂಡಿ ನೋಡಬೇಕಾದವರು ನೋಡಲಿಲ್ಲ, ಅಷ್ಟೇ.

ಇದು ಬರೀ ನಮ್ಮ ಹಣೆಬರಹ ಅಂದುಕೊಳ್ಳಬೇಡಿ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ ಇದೆ. ಜಾಗಕ್ಕೆ ಬರ ಇಲ್ಲ, ದುಡ್ಡಿಗೂ ಬರ ಇಲ್ಲ. ಸುಮಾರು 280 ಕೋಟಿ ಡಾಲರ್ ಸುರಿದು 2008ರ ಹೊತ್ತಿಗೆ ಅದನ್ನ ಅಗಲ ಮಾಡಿದ್ರು. ಸರ್ವಿಸ್ ರಸ್ತೆಗಳನ್ನೂ ಸೇರಿಸಿದ್ರೆ ಕೆಲವು ಕಡೆ 26 ಲೇನ್! ಫಲಿತಾಂಶ? 2011ರಿಂದ 2014ರ ನಡುವೆ, ಬರೀ ಮೂರು ವರ್ಷದಲ್ಲಿ, ಅಲ್ಲಿ ಬೆಳಗಿನ ದಟ್ಟಣೆ ಹೊತ್ತಿನ ಪ್ರಯಾಣದ ಸಮಯ ಶೇ. 30ರಷ್ಟು, ಸಂಜೆಯದ್ದು ಶೇ. 55ರಷ್ಟು ಹೆಚ್ಚಾಯ್ತು. 26 ಲೇನ್ ಇದ್ದವರಿಗೇ ಸಾಲಲಿಲ್ಲ. ನಾವು ಸುರಂಗದಲ್ಲಿ ಒಂದೊಂದು ದಿಕ್ಕಿಗೆ ಮೂರು ಲೇನ್ ಕೊರೆದು ಗೆಲ್ತೀವಾ?

2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಇಪ್ಪತ್ತು ವರ್ಷದ ಅಂಕಿ-ಅಂಶ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದ್ರು. ನಗರಗಳ ಒಳಗಿನ ಹೆದ್ದಾರಿ ಶೇ. 10ರಷ್ಟು ಹೆಚ್ಚಾದ್ರೆ, ಅದರ ಮೇಲೆ ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಶೇ. 10ರಷ್ಟೇ ಹೆಚ್ಚಾಗುತ್ತೆ ಅಂತ ಕಂಡುಕೊಂಡ್ರು. ಅಂದ್ರೆ ದಟ್ಟಣೆ ಇದ್ದಲ್ಲೇ ಇರುತ್ತೆ. ಈ ಅಧ್ಯಯನದಲ್ಲಿ ಇನ್ನೊಂದು ಅಂಶ ಇದೆ. ನಮ್ಮಂಥ ಮೆಟ್ರೋ ಅಭಿಮಾನಿಗಳು ಅದನ್ನ ಹೇಳೋದಕ್ಕೆ ಹಿಂಜರೀತೀವಿ. ಸಾರ್ವಜನಿಕ ಸಾರಿಗೆ ಹೆಚ್ಚು ಮಾಡಿದ್ರೂ ರಸ್ತೆ ಮೇಲಿನ ಗಾಡಿಗಳ ಓಡಾಟ ಕಡಿಮೆ ಆಗೋದು ಅವರಿಗೆ ಕಾಣಲಿಲ್ಲ. ಯಾಕೆ? ಹತ್ತು ಜನ ಕಾರು ಬಿಟ್ಟು ರೈಲು ಹತ್ತಿದ್ರು ಅಂದುಕೊಳ್ಳಿ. ಅವರು ಖಾಲಿ ಮಾಡಿದ ಜಾಗಕ್ಕೆ ಇನ್ನು ಹತ್ತು ಜನ ಬಂದೇ ಬರ್ತಾರೆ. ಖಾಲಿ ರಸ್ತೆ ಹೇಗೆ ಹುಟ್ಟಿದ್ರೂ ಅದು ಖಾಲಿ ಉಳಿಯಲ್ಲ.

"ಹಾಗಾದ್ರೆ ಮೆಟ್ರೋನೂ ದಂಡ ಅಂತೀರಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಇದು: ಮೆಟ್ರೋ ಬಂದ್ರೆ ಟ್ರಾಫಿಕ್ ಮಾಯ ಆಗಲ್ಲ. ಆದರೆ ಟ್ರಾಫಿಕ್‌ನಲ್ಲಿ ನಿಲ್ಲಲೇಬೇಕು ಅನ್ನೋ ಶಿಕ್ಷೆಯಿಂದ ಲಕ್ಷಾಂತರ ಜನಕ್ಕೆ ಬಿಡುಗಡೆ ಸಿಗುತ್ತೆ. ಕೆಳಗೆ ಸಿಲ್ಕ್ ಬೋರ್ಡ್ ಹಾಗೇ ಉರೀತಿರಬಹುದು, ಮೇಲೆ ರೈಲಲ್ಲಿ ಹೋಗೋರಿಗೆ ಅದರ ಬಿಸಿ ತಟ್ಟಲ್ಲ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಶುರುವಾಯ್ತಲ್ಲ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್. ಅದೇ ಹೊಸೂರು ರಸ್ತೆಯಲ್ಲಿ 2010ರಿಂದಲೇ ಎಲೆಕ್ಟ್ರಾನಿಕ್ ಸಿಟಿವರೆಗೆ ಎಲಿವೇಟೆಡ್ ಎಕ್ಸ್‌ಪ್ರೆಸ್‌ವೇ ಇದೆ. ಎರಡೂ ಜನರನ್ನ ಕರೀತವೆ. ಆದರೆ ಒಂದಕ್ಕೆ ಜನ ಹೆಚ್ಚಾದಷ್ಟೂ ಅದು ನಿಧಾನ ಆಗುತ್ತೆ. ಇನ್ನೊಂದಕ್ಕೆ ಜನ ಹೆಚ್ಚಾದ್ರೆ ಇನ್ನೊಂದು ರೈಲು ಬಿಡಬಹುದು.

ನನ್ನ ಇವತ್ತಿನ ಮಾತಿನ ತಿರುಳು ಇಲ್ಲಿದೆ. ರಸ್ತೆ ಆಗಲಿ, ರೈಲಾಗಲಿ, ನಾವು ಕಟ್ಟಿದ್ದು ತನ್ನ ಬಳಕೆದಾರರನ್ನ ತಾನೇ ಹುಟ್ಟಿಸಿಕೊಳ್ಳುತ್ತೆ. ಹಾಗಾಗಿ "ಟ್ರಾಫಿಕ್ ಕಡಿಮೆ ಆಗುತ್ತಾ" ಅನ್ನೋದು ತಪ್ಪು ಪ್ರಶ್ನೆ. "ಯಾವ ಥರದ ಓಡಾಟ ಹೆಚ್ಚು ಮಾಡೋಕೆ ದುಡ್ಡು ಹಾಕ್ತಿದ್ದೀವಿ" ಅನ್ನೋದು ಸರಿಯಾದ ಪ್ರಶ್ನೆ.

ಹೊಸ ಓಡಾಟ ಹುಟ್ಟೋದೇ ಕೆಟ್ಟದ್ದು ಅಂತ ಅಲ್ಲ. ಹಳ್ಳಿಯೊಂದಕ್ಕೆ ಡಾಂಬರು ರಸ್ತೆ ಇಲ್ಲ ಅಂದುಕೊಳ್ಳಿ. ರಸ್ತೆ ಮಾಡಿದ್ರಿ, ಬಸ್ ಬಂತು. ಹುಡುಗಿಯರು ಕಾಲೇಜಿಗೆ ಹೋಗ್ತಾರೆ, ಬಸುರಿ ಹೆಂಗಸರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರ್ತಾರೆ, ರೈತರು ಟೊಮ್ಯಾಟೊ ಕೊಳೆಯೋ ಮುಂಚೆ ಮಂಡಿಗೆ ತರ್ತಾರೆ. ಅಲ್ಲಿ ಹುಟ್ಟಿದ ಒಂದೊಂದು ಹೊಸ ಪ್ರಯಾಣವೂ ಪುಣ್ಯದ ಲೆಕ್ಕಕ್ಕೆ. ಅಲ್ಲಿಗೆ ರಸ್ತೆ ಬೇಕೇ ಬೇಕು. ಆದರೆ ಆಗಲೇ ಉಸಿರು ಕಟ್ಟಿರೋ ಒಂದು ಮಹಾನಗರದ ನಡುಮಧ್ಯಕ್ಕೆ, ಒಬ್ಬರೇ ಕೂತ ಕಾರುಗಳನ್ನ ಇನ್ನಷ್ಟು ಕರೆತರೋಕೆ 17 ಸಾವಿರ ಕೋಟಿ? ಎರಡಕ್ಕೂ ರಸ್ತೆ ಅಂತಲೇ ಹೆಸರು, ಎರಡೂ ಒಂದೇ ಅಲ್ಲ.

ಈಗ ಒಂದು ಸಣ್ಣ ಗಣಿತ. ಹೆದ್ದಾರಿಯ ಒಂದು ಲೇನ್‌ನಲ್ಲಿ ಗಂಟೆಗೆ ಎಷ್ಟು ಕಾರು ಹೋಗಬಹುದು? ಎಲ್ಲ ಸರಿ ಇದ್ರೆ ಸುಮಾರು 2,000. ಸುರಂಗದ ಮೂರು ಲೇನ್‌ಗೆ 6,000 ಕಾರು. ಕಾರಿಗೆ ಸರಾಸರಿ ಒಂದೂವರೆ ಜನ ಅಂತ ಹಿಡಿಯಿರಿ. ಒಂದು ದಿಕ್ಕಿಗೆ ಗಂಟೆಗೆ 9,000 ಜನ. ಈಗ ಮೆಟ್ರೋ. ಆರು ಬೋಗಿಯ ಒಂದು ರೈಲಿನಲ್ಲಿ 1,500 ಜನ ಅಂದುಕೊಳ್ಳಿ. ಐದು ನಿಮಿಷಕ್ಕೊಂದು ರೈಲು ಬಿಟ್ರೆ ಗಂಟೆಗೆ 12 ರೈಲು, 18,000 ಜನ. ಮೂರು ನಿಮಿಷಕ್ಕೊಂದು ಬಿಟ್ರೆ 30,000. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಡ, ಏಳನೇ ಕ್ಲಾಸ್ ಗುಣಾಕಾರ ಸಾಕು.

ಇನ್ನೂ ವಿಚಿತ್ರ ಕೇಳಿ. ಹೆಬ್ಬಾಳ ಮತ್ತು ಸಿಲ್ಕ್ ಬೋರ್ಡ್ ನಡುವೆ ರೈಲೇ ಇಲ್ಲ, ಅದಕ್ಕೆ ಸುರಂಗ ರಸ್ತೆ ಅಂದಿದ್ರೆ ಒಂದು ಮಾತು. ಔಟರ್ ರಿಂಗ್ ರೋಡ್ ಉದ್ದಕ್ಕೂ ಸಿಲ್ಕ್ ಬೋರ್ಡ್, ಕೆ.ಆರ್. ಪುರ, ಹೆಬ್ಬಾಳ ಮೂಲಕ ಏರ್‌ಪೋರ್ಟ್‌ವರೆಗೆ ನೀಲಿ ಮಾರ್ಗದ ಕೆಲಸ ನಡೀತಿದೆ. ಅದು ಸಾಲದು ಅಂತ, ಸರ್ಜಾಪುರದಿಂದ ಕೋರಮಂಗಲ, ನಗರದ ಮಧ್ಯಭಾಗ ದಾಟಿ ಹೆಬ್ಬಾಳಕ್ಕೆ ಹೋಗೋ ಕೆಂಪು ಮಾರ್ಗಕ್ಕೂ ರಾಜ್ಯ ಸಂಪುಟ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ವೆಚ್ಚ 28 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅಂದ್ರೆ ಒಂದು ಕೈಯಲ್ಲಿ ಸರ್ಕಾರ ಜನಕ್ಕೆ "ಕಾರು ಬಿಡಿ, ರೈಲು ಹತ್ತಿ" ಅಂತ ಸಾವಿರಾರು ಕೋಟಿ ಸುರೀತಿದೆ. ಇನ್ನೊಂದು ಕೈಯಲ್ಲಿ "ರೈಲು ಬಿಡಿ, ಕಾರು ಹತ್ತಿ" ಅಂತ ಸಾವಿರಾರು ಕೋಟಿ ಸುರಿಯೋಕೆ ಹೊರಟಿದೆ. ಎರಡೂ ಕೈ ಒಂದೇ ಸರ್ಕಾರದ್ದು. ಜೇಬು ಮಾತ್ರ ನಮ್ಮದು.

"ಸುರಂಗಕ್ಕೆ ಖಾಸಗಿಯವರೂ ದುಡ್ಡು ಹಾಕ್ತಾರೆ, ಟೋಲ್‌ನಲ್ಲಿ ವಾಪಸ್ ತಗೋತಾರೆ, ನಿಮಗೇನು ಕಷ್ಟ?" ಅನ್ನೋ ವಾದವೂ ಇದೆ. ಕಷ್ಟ ಇರೋದೇ ಅಲ್ಲಿ. ಟೋಲ್‌ನಿಂದ ದುಡಿಯೋ ಕಂಪನಿಗೆ ಏನು ಬೇಕು? ಕಾರು ಹೆಚ್ಚಾಗಬೇಕು. ಜನ ರೈಲಿಗೆ ಹೋದಷ್ಟೂ ಅವರಿಗೆ ನಷ್ಟ. ನಾಳೆ ಆ ನಷ್ಟ ತುಂಬಿಕೊಡಿ ಅಂತ ಯಾರ ಬಾಗಿಲಿಗೆ ಬರ್ತಾರೆ? ಮತ್ತೆ, ಆ ಸುರಂಗದೊಳಗೆ ಯಾರು ಹೋಗಬಹುದು? ಈವರೆಗಿನ ಯೋಜನೆ ಪ್ರಕಾರ ಬೈಕ್, ಸ್ಕೂಟರ್‌ಗೆ ಪ್ರವೇಶ ಇಲ್ಲ, ಆಟೋಗೂ ಇಲ್ಲ. ಕಾರಿಗೆ ಒಂದು ಕಡೆಗೆ 300 ರೂಪಾಯಿಗೂ ಹೆಚ್ಚು ಟೋಲ್ ಅನ್ನೋ ಲೆಕ್ಕ ಯೋಜನಾ ವರದಿಯಿಂದ ಹೊರಬಂದಿದೆ. ಈ ಊರಿನ ವಾಹನಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನ. ಡೆಲಿವರಿ ಹುಡುಗ, ಗಾರ್ಮೆಂಟ್ಸ್ ಸೂಪರ್‌ವೈಸರ್, ಮೊದಲ ಕೆಲಸದ ಸಾಫ್ಟ್‌ವೇರ್ ಹುಡುಗಿ, ಇವರು ಯಾರಿಗೂ ಆ ಸುರಂಗ ಇಲ್ಲ. ಇವರೆಲ್ಲ ಮೇಲೆ, ಅದೇ ಹೊಗೆಯಲ್ಲಿ.

ಭಾರತೀಯ ವಿಜ್ಞಾನ ಸಂಸ್ಥೆಯ ಸಾರಿಗೆ ತಜ್ಞ ಆಶಿಶ್ ವರ್ಮಾ ಅವರು ಈ ಸುರಂಗ ಬೇಡ ಅಂತ ಬಹಿರಂಗವಾಗೇ ವಾದಿಸ್ತಾ ಬಂದಿದ್ದಾರೆ. ಇದೇ ಊರಿನಲ್ಲಿ ಇರೋ ಸಂಸ್ಥೆ, ಇದೇ ವಿಷಯದಲ್ಲಿ ಜೀವಮಾನ ಕಳೆದವರು. ಅವರ ಮಾತು ಒಪ್ಪಲೇಬೇಕು ಅಂತಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆಗೆ ಅಂಕಿ-ಅಂಶ ಇಟ್ಟು ಉತ್ತರ ಕೊಡಬೇಕು ಅಲ್ವಾ?

ಇನ್ನು ಬಸ್. ಈ ಊರಲ್ಲಿ ಬಿಎಂಟಿಸಿಗೆ ಇರೋದು ಸುಮಾರು 7 ಸಾವಿರ ಬಸ್. ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನರನ್ನ ಅವು ಹೊರುತ್ತವೆ. ಒಂದು ಎಲೆಕ್ಟ್ರಿಕ್ ಬಸ್‌ಗೆ ಒಂದೂವರೆ ಕೋಟಿ ಅಂತ ಧಾರಾಳವಾಗೇ ಹಿಡಿದ್ರೂ, 17 ಸಾವಿರ ಕೋಟಿಗೆ 11 ಸಾವಿರ ಬಸ್ ಬರ್ತವೆ. ಬಸ್ ಓಡಿಸೋಕೆ ಡ್ರೈವರ್ ಬೇಕು, ಡಿಪೋ ಬೇಕು, ದಿನದ ಖರ್ಚು ಬೇಕು, ಒಪ್ಪಿದೆ. ಆದರೆ ಹೋಲಿಕೆ ಮಾಡಿಯಾದ್ರೂ ನೋಡಿದ್ದೀರಾ ಅನ್ನೋದು ನನ್ನ ಪ್ರಶ್ನೆ.

ನಮಗೆ ಗೊತ್ತಿಲ್ಲದ್ದೇನಲ್ಲ ಇದು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಸ್ಪಷ್ಟವಾಗಿದೆ. ಯೋಜನೆ ಮಾಡಬೇಕಾದ್ದು ಜನರ ಓಡಾಟಕ್ಕೆ, ವಾಹನಗಳ ಓಡಾಟಕ್ಕಲ್ಲ. 2019ರ ಅಕ್ಟೋಬರ್‌ನಲ್ಲಿ ಔಟರ್ ರಿಂಗ್ ರೋಡ್‌ನಲ್ಲಿ ಬಸ್ಸಿಗೇ ಪ್ರತ್ಯೇಕ ಪಥ ಮಾಡಿದ್ದೂ ನಾವೇ. ಹೊಸ ರಸ್ತೆ ಕಟ್ಟಲಿಲ್ಲ, ಸೇತುವೆ ಕಟ್ಟಲಿಲ್ಲ. ಇದ್ದ ರಸ್ತೆಯಲ್ಲೇ ಕಂಬ ನೆಟ್ಟು ಬಸ್ಸಿಗೆ ದಾರಿ ಬಿಟ್ಟರು, ಬಸ್ಸು ವೇಗ ಹಿಡೀತು. ಆಮೇಲೆ ಕೋವಿಡ್ ಬಂತು, ಮೆಟ್ರೋ ಕಾಮಗಾರಿ ಬಂತು, ಪಥ ಮಾಯವಾಯ್ತು. ಸುರಂಗದ ಬಗ್ಗೆ ದಿನಕ್ಕೊಂದು ಪ್ರೆಸ್‌ಮೀಟ್ ನಡೆಯುತ್ತೆ. ಆ ಬಸ್ ಪಥ ವಾಪಸ್ ಯಾವಾಗ ಅಂತ ಯಾರೂ ಒಂದು ಮಾತು ಆಡಲ್ಲ. ಉಪನಗರ ರೈಲಿನ ಕಥೆ ಬೇರೆ ಹೇಳಬೇಕಾ? 148 ಕಿಲೋಮೀಟರ್ ಯೋಜನೆ. 2020ರಲ್ಲಿ ಒಪ್ಪಿಗೆ, 2022ರಲ್ಲಿ ಪ್ರಧಾನಿಯಿಂದ ಶಂಕುಸ್ಥಾಪನೆ. ನಾವು ಇನ್ನೂ ಪ್ಲಾಟ್‌ಫಾರ್ಮ್‌ನಲ್ಲಿ ಕಾಯ್ತಾ ಇದ್ದೀವಿ.

ಈ ನಡುವೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ರಸ್ತೆ ಬದಿಯಲ್ಲಿ ಕಾರು ದಿನವಿಡೀ ನಿಲ್ಲಿಸೋಕೆ ಬಹುತೇಕ ಕಡೆ ಎಷ್ಟು? ಸೊನ್ನೆ. ಜಾಗ ಉಳಿಸೋರಿಗೆ ದರ ಏರಿಕೆ, ಜಾಗ ತಿನ್ನೋರಿಗೆ ಪುಕ್ಕಟೆ. ಆಮೇಲೆ "ಜನ ಸಾರ್ವಜನಿಕ ಸಾರಿಗೆ ಬಳಸಲ್ಲ" ಅಂತ ಜನರನ್ನೇ ಬೈಯೋದು.

ಬೇರೆ ನಗರಗಳು ಏನು ಮಾಡಿದ್ವು? ಸ್ಟಾಕ್‌ಹೋಮ್‌ನಲ್ಲಿ 2006ರಲ್ಲಿ ನಗರದ ನಡುಭಾಗಕ್ಕೆ ಬರೋ ಗಾಡಿಗಳಿಗೆ ಪ್ರಾಯೋಗಿಕವಾಗಿ ಶುಲ್ಕ ಹಾಕಿದ್ರು. ಜನ ಮೊದಲು ಬೈದ್ರು. ಗಾಡಿಗಳ ಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ ಆಯ್ತು. ಆಮೇಲೆ ಮತದಾನ ನಡೀತು, ಬೈದ ಜನರೇ ಒಪ್ಪಿದ್ರು, 2007ರಲ್ಲಿ ಕಾಯಂ ಆಯ್ತು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಇನ್ನೂ ಗಟ್ಟಿ ಗುಂಡಿಗೆ. 2003ರಲ್ಲಿ ನಗರದ ಮಧ್ಯದ ಎಲಿವೇಟೆಡ್ ಹೆದ್ದಾರಿಯನ್ನೇ ಕೆಡವೋಕೆ ಶುರು ಮಾಡಿ, ಅದರ ಕೆಳಗೆ ಮುಚ್ಚಿಹೋಗಿದ್ದ ಹೊಳೆಯನ್ನ 2005ರಲ್ಲಿ ಮತ್ತೆ ತೆರೆದ್ರು. ಜೊತೆಗೇ ಬಸ್ ವ್ಯವಸ್ಥೆ ಸರಿ ಮಾಡಿದ್ರು. ಊರು ಸ್ತಬ್ಧ ಆಗಲಿಲ್ಲ. ರಸ್ತೆ ಕೊಟ್ಟರೆ ಗಾಡಿ ಹುಟ್ಟುತ್ತೆ ಅನ್ನೋದು ನಿಜವಾದ್ರೆ, ರಸ್ತೆ ತೆಗೆದ್ರೆ ಒಂದಷ್ಟು ಗಾಡಿ ಕರಗುತ್ತೆ ಅನ್ನೋದೂ ನಿಜ.

ನಾಳೆಯೇ ಬೆಂಗಳೂರಿನಲ್ಲಿ ಶುಲ್ಕ ಹಾಕಿ ಅಂತ ನಾನು ಹೇಳ್ತಿಲ್ಲ. ಬಸ್ ಇಲ್ಲದ ಕಡೆ, ಫುಟ್‌ಪಾತ್ ಇಲ್ಲದ ಕಡೆ ಶುಲ್ಕ ಹಾಕಿದ್ರೆ ಅದು ಬರೀ ಸುಲಿಗೆ. ಮೊದಲು ಬಸ್, ಮೊದಲು ನಡೆಯೋಕೆ ಜಾಗ, ಸ್ಟೇಷನ್‌ನಿಂದ ಮನೆವರೆಗೆ ತಲುಪೋ ದಾರಿ. ಆಮೇಲೆ ಪಾರ್ಕಿಂಗ್‌ಗೆ ದುಡ್ಡು, ಆಮೇಲೆ ಶುಲ್ಕ. ಈ ಕ್ರಮ ತಪ್ಪಿದ್ರೆ ಒಳ್ಳೇ ನೀತಿಯೂ ಜನರ ಮೇಲೆ ದೌರ್ಜನ್ಯ ಆಗುತ್ತೆ.

ಈ ಎಲ್ಲ ಇಲಾಖೆಗಳನ್ನ ಒಂದೇ ಸೂರಿನಡಿ ತರೋಕೆ ಅಂತಲೇ 2022ರಲ್ಲಿ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಮಸೂದೆ ವಿಧಾನಮಂಡಲದಲ್ಲಿ ಪಾಸಾಯ್ತು. ಸುರಂಗ ಬೇಕಾ, ಬಸ್ ಬೇಕಾ, ರೈಲು ಬೇಕಾ ಅಂತ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ತೂಗಬೇಕಾದ ಜಾಗ ಅದು. ಆ ತೂಕ ನಡೆದ ಮೇಲೆ ಸರ್ಕಾರ ಯಾವುದನ್ನ ಆರಿಸಿದ್ರೂ ಚರ್ಚೆ ಮಾಡಬಹುದು. ತೂಕವೇ ಮಾಡದೆ ತಕ್ಕಡಿ ಮುಚ್ಚಿಟ್ಟು, "ಒಳ್ಳೇ ಮಾಲು ತಗೊಳ್ಳಿ" ಅಂದ್ರೆ ಹೇಗೆ?

ಹಾಗಾಗಿ ಮುಂದಿನ ಸಲ ನಿಮ್ಮ ಕ್ಷೇತ್ರದಲ್ಲಿ ಒಬ್ಬ ಶಾಸಕರು ಫ್ಲೈಓವರ್ ಉದ್ಘಾಟನೆಗೆ ಬಂದು, ಇನ್ನು ನಿಮ್ಮ ಟ್ರಾಫಿಕ್ ಕಷ್ಟ ಮುಗೀತು ಅಂದ್ರೆ, ಚಪ್ಪಾಳೆ ತಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಸಾರ್, ಇದರ ಮೇಲೆ ಗಂಟೆಗೆ ಎಷ್ಟು ಜನ ಹೋಗ್ತಾರೆ? ಎಷ್ಟು ಗಾಡಿ ಅಂತ ಅಲ್ಲ, ಎಷ್ಟು ಜನ? ಐದು ವರ್ಷ ಆದ ಮೇಲೂ ಇದೇ ವೇಗ ಇರುತ್ತಾ? ಇದೇ ದುಡ್ಡನ್ನ ಬಸ್ಸಿಗೆ ಹಾಕಿದ್ರೆ ಏನಾಗ್ತಿತ್ತು ಅಂತ ಲೆಕ್ಕ ಮಾಡಿದ್ದೀರಾ?

ಉತ್ತರ ಇದ್ರೆ ಖಂಡಿತ ಚಪ್ಪಾಳೆ ತಟ್ಟಿ. ಇಲ್ಲದಿದ್ರೆ ಆ ಫ್ಲೈಓವರ್ ಮೇಲೆ ಇನ್ನೊಂದು ಫ್ಲೈಓವರ್ ಉದ್ಘಾಟನೆಗೆ ಅವರನ್ನೇ ಮತ್ತೆ ಕರೆಯೋಕೆ ಸಿದ್ಧರಾಗಿರಿ.